ಹವಲ್ಲಿಯಿಂದ ಹೊರಟ ಸೈಕಲ್ ಸವಾರಿ

ಕೆಲವರು ಪ್ರವಾಸಕ್ಕೆ ಹೋಗಿ ಫೋಟೋ ತರುತ್ತಾರೆ. ನಾನು ಮತ್ತು ನನ್ನ ಹೆಂಡತಿ ಎಲ್ಲಿಗೆ ಹೋದರೂ ಒಂದು ಫಜೀತಿ ತರುತ್ತೇವೆ. ನಾವಾಗಿ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ. ಹಾಗಿರುವಾಗ ಫ್ರಾನ್ಸಿನ ಹಳ್ಳಿಗಳಲ್ಲಿ ಸೈಕಲ್ ತುಳಿಯಲು ಹೋದವರು ಸುಮ್ಮನೆ ತುಳಿದು ಬಂದೆವು ಎಂದರೆ ಮೈದಾನ್ ಹವಲ್ಲಿಯಲ್ಲಿ ಒಬ್ಬರೂ ನಂಬಲಿಕ್ಕಿಲ್ಲ.

ಮೈದಾನ್ ಹವಲ್ಲಿ ಅಂದರೆ ಕುವೈತಿನಲ್ಲಿ ನಮ್ಮಂಥವರು ಒತ್ತೊತ್ತಾಗಿ ವಾಸಿಸುವ ಜಾಗ. ನಾನು ಸಿಟಿಯಲ್ಲಿ ಏಸಿಯ ಬಿಡಿಭಾಗ ಮಾರುವ ಕಂಪೆನಿಯೊಂದರಲ್ಲಿದ್ದೇನೆ. ಊರು ಮಂಗಳೂರಿನ ಹತ್ತಿರ. ಕುವೈತಿಗೆ ಬಂದ ಮೇಲೆ ನಾವು ಕಾಲಿಗೆ ಕೊಟ್ಟ ಕೆಲಸವೆಂದರೆ ಲಿಫ್ಟಿನಿಂದ ಕಾರಿನವರೆಗೆ, ಕಾರಿನಿಂದ ಲಿಫ್ಟಿನವರೆಗೆ. ಎದುರಿನ ಬಕಾಲದಿಂದ, ಅಂದರೆ ನಮ್ಮ ಕಿರಾಣಿ ಅಂಗಡಿಯಿಂದ, ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಫೋನ್ ಮಾಡುತ್ತೇವೆ.

ಇಂಥ ನನ್ನ ಹೆಂಡತಿ ಒಂದು ಶುಕ್ರವಾರ ಬ್ನೇದ್ ಅಲ್ ಗಾರ್‌ನ ತನ್ನ ತಮ್ಮನ ಮನೆಯಲ್ಲಿ ಮೀನುಸಾರು ಉಣ್ಣುತ್ತಾ, ಸ್ವಲ್ಪ ಉಪ್ಪು ಕೊಡಿ ಎನ್ನುವಷ್ಟು ಸಹಜವಾಗಿ ಹೇಳಿದಳು, "ನನಗೆ ಫ್ರಾನ್ಸಿನಲ್ಲಿ ಸೈಕಲ್ ಬಿಡ್ಲಿಕ್ಕುಂಟು."

ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದಳಂತೆ. ನೆಟ್ಟಗಿನ ಕಾಲುವೆ, ಎರಡೂ ದಂಡೆಗೆ ಮರಗಳ ಸಾಲು, ನರೆತ ಕೂದಲಿನ ಹೆಂಗಸೊಬ್ಬಳು ಬುಟ್ಟಿ ಕಟ್ಟಿದ ಸೈಕಲಿನಲ್ಲಿ ಯಾವ ಅವಸರವೂ ಇಲ್ಲದೆ ಹೋಗುತ್ತಿದ್ದಾಳೆ. ಅದನ್ನು ನೋಡಿದಂದಿನಿಂದ ಇವಳಿಗೆ ನಿದ್ದೆ ಇಲ್ಲ.

ತಮ್ಮ ನಕ್ಕ. "ಅಕ್ಕಾ, ನಿನಗೆ ಸೈಕಲ್ ಬರುವುದಿಲ್ಲ."

"ಯಾಕೆ ಬರುವುದಿಲ್ಲ, ಹೇಳು ನೋಡುವ."

ಅವನು ತಟ್ಟೆಯ ಮೀನಿನ ಮುಳ್ಳು ಬಿಡಿಸತೊಡಗಿದ. ಚಿಕ್ಕಂದಿನಲ್ಲಿ ಮನೆಗೆ ಸೈಕಲ್ ಬಂದದ್ದು ಅವನಿಗಾಗಿ. ಇವಳ ಪಾಲಿಗೆ ಬಂದದ್ದು ಭಾನುವಾರ ಅದನ್ನು ಒರೆಸಿಡುವ ಕೆಲಸ. ಹುಡುಗಿಯರಿಗೆ ಎಂತಕ್ಕೆ ಸೈಕಲ್ ಎಂದು ಮನೆಯವರು ಹೇಳಿದ್ದನ್ನು ಇವಳು ಇವತ್ತಿಗೂ ಮರೆತಿಲ್ಲ.

"ಕೇಳು," ಎಂದಳು ತಮ್ಮನಿಗೆ. "ಮೊದಲನೇ ಊರಿಂದ ಕಡೇ ಊರಿನವರೆಗೆ ಸೈಕಲಿನಲ್ಲೇ ಹೋಗ್ತೇನೆ. ನಡುವೆ ಒಮ್ಮೆ ಕಾರು ಹತ್ತಿದ್ರೂ ನಾನು ಸೋತ ಹಾಗೆ. ಸೋತರೆ ಮತ್ತೆ ಸೈಕಲಿನ ಸುದ್ದಿ ಎತ್ತುವುದಿಲ್ಲ. ಗೆದ್ದರೆ ನೀನು ನನಗೊಂದು ಸೈಕಲ್ ತೆಗೆದುಕೊಡ್ಬೇಕು. ಬೆಲ್ಲು, ಬುಟ್ಟಿ ಎಲ್ಲ ಇರ್ಬೇಕು."

ತಮ್ಮ ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ನನಗೇ ಎಲ್ಲರಿಗಿಂತ ಹೆಚ್ಚು ಹುರುಪು ಬಂದುಬಿಟ್ಟಿತು. ಹೈಸ್ಕೂಲಿಗೆ ಸೈಕಲಿನಲ್ಲಿ ಹೋದವನು ನಾನು, ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಓಡಿಸಿದವನು. "ಹೆದರಬೇಡ, ಗುರು ಮನೆಯಲ್ಲೇ ಇದ್ದಾನೆ" ಎಂದೆ. ಜೊತೆಗಿದ್ದ ನಮ್ಮ ಮಗಳು "ಯು ಬೋತ್ ಆರ್ ಮ್ಯಾಡ್" ಎಂದಳು. ಆದರೆ ಟಿಕೆಟು, ಬಾಡಿಗೆ ಸೈಕಲು, ಊರೂರಲ್ಲಿ ಉಳಿಯುವ ರೂಮು ಎಲ್ಲವನ್ನೂ ಬುಕ್ ಮಾಡಿದ್ದು ಅವಳೇ.

ನೆರೆಕರೆಯವರ ದೊಡ್ಡ ಮನಸ್ಸು

ಪಾಠ ಶುರುವಾದದ್ದು ನಮ್ಮ ಬಿಲ್ಡಿಂಗಿನ ಹಿಂದಿನ ಮರಳಿನ ಪಾರ್ಕಿಂಗಿನಲ್ಲಿ. ಬಕಾಲದ ಡೆಲಿವರಿಯವನ ಹಳೇ ಸೈಕಲನ್ನು ಬೆಳಿಗ್ಗೆ ಕಡ ತರುವುದು, ಅಂಗಡಿ ತೆರೆಯುವ ಮೊದಲು ವಾಪಸ್ ಕೊಡುವುದು. ಅವಳು ಸೀಟಿನ ಮೇಲೆ, ನಾನು ಸೀಟು ಹಿಡಿದುಕೊಂಡು ಹಿಂದೆ ಓಡುವುದು. "ಬಿಡ್ಬೇಡಿ, ಬಿಡ್ಬೇಡಿ" ಎಂಬ ಅವಳ ಕೂಗಿಗೆ ಇಡೀ ಓಣಿ ಏಳುತ್ತಿತ್ತು.

ಕುವೈತಿನಲ್ಲಿ ಪ್ರಾಯದ ಮೇಲೆ ಗಂಡ ಹೆಂಡತಿ ಬಕಾಲದ ಸೈಕಲ್ ಹಿಡಿದರೆ ಜನ ಏನೆಂದುಕೊಳ್ಳುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಮೊದಲು ಒಬ್ಬ ಕುವೈತಿ ಹಿರಿಯರು ದೊಡ್ಡ ಕಾರು ನಿಲ್ಲಿಸಿ, ಗಾಜಿಳಿಸಿ, ಎಲ್ಲಿಗೆ ಹೋಗಬೇಕು, ಹತ್ತಿ ಎಂದರು. ಬೇಡವೆಂದಾಗ ಎರಡು ಬಾಟಲಿ ನೀರು ಕೊಟ್ಟು ಮೇಲೆ ನೋಡಿ ಪ್ರಾರ್ಥಿಸಿದರು. ಮರುದಿನ ಬಿಲ್ಡಿಂಗ್ ಕಾಯುವ ಈಜಿಪ್ಟಿನವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಎಲ್ಲ ಸರಿಹೋಗುತ್ತದೆ" ಎಂದ. ಎಂತ ಸರಿಹೋಗಬೇಕು ಎಂದು ನನಗೆ ತಿಳಿಯಲಿಲ್ಲ.

ಸಂಜೆ ಬಕಾಲದ ಹಾಜಿಯವರು ಫೋನ್ ಮಾಡಿದರು. ನಮ್ಮ ಕಡೆಯವರೇ, ಬ್ಯಾರಿಗಳು, ಮನುಷ್ಯ ಚಿನ್ನ. "ಮಾರಾಯ್ರೇ, ನೀವು ಹೇಳದಿದ್ರೂ ನಮಗೆ ಗೊತ್ತಾಯ್ತು. ಕೆಲಸ ಹೋದ್ರೆ ಹೋಯ್ತು, ಕಾರು ಮಾರಿದ್ರೆ ಮಾರಿದ್ದು. ನಿಮಗೆ ನಮ್ಮ ಅಂಗಡಿಯ ಡೆಲಿವರಿ ಕೆಲಸವೇ ಆಗ್ಬೇಕು ಅಂತಿದ್ರೆ ನಾಳೆಯಿಂದ ಬನ್ನಿ. ಆದ್ರೆ ಅಕ್ಕನನ್ನು ಮಾತ್ರ ಕಳಿಸ್ಬೇಡಿ, ನೋಡ್ಲಿಕ್ಕಾಗುವುದಿಲ್ಲ."

ಕೆಲಸ ಇದೆ, ಕಾರೂ ಇದೆ ಎಂದು ನಾನು ಆಣೆ ಹಾಕಿ ಹೇಳುವಷ್ಟರಲ್ಲಿ ತಡವಾಗಿತ್ತು. ಕೆಳಮಹಡಿಯಿಂದ ನೀರುದೋಸೆ ಮತ್ತು ಕೋಳಿಸಾರು ಬಂತು. ಎದುರು ಮನೆಯಿಂದ ಒಂದು ದೊಡ್ಡ ತಟ್ಟೆ ಬಿರಿಯಾನಿ ಬಂತು. ನಾನು ನಾಚಿಕೆಯಿಂದ ತಟ್ಟೆ ಬದಿಗೆ ಸರಿಸಿದೆ.

ಹೆಂಡತಿ ಮಾತ್ರ ದೋಸೆ ಮಡಚಿ ಸಾರಿಗೆ ಅದ್ದುತ್ತಾ ಹೇಳಿದಳು, "ನನಗೆ ಬ್ಯಾಲೆನ್ಸು ಇವತ್ತೇ ಸಿಕ್ಕಿತ್ತು. ಆದ್ರೆ ನಾಳೆ ಒಮ್ಮೆ ಮೂರನೇ ಮಹಡಿಯವರಿಗೆ ಕಾಣುವ ಹಾಗೆ ಬೀಳ್ತೇನೆ. ಅವರ ಮನೆ ಪತ್ರೊಡೆ ತುಂಬ ಒಳ್ಳೇದಾಗ್ತದೆ."

ಪೆಟ್ಟಿಗೆ ಹೋದದ್ದೆಲ್ಲಿಗೆ

ಗಲ್ಫಿನವರಿಗೆ ಸೂಟ್‌ಕೇಸಿನ ಮೇಲೆ ನಂಬಿಕೆ ಇಲ್ಲ. ಏನೇ ಹೇಳಿ, ಹಾಲಿನ ಪುಡಿಯ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿದು, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದರೇ ಮನಸ್ಸಿಗೆ ಸಮಾಧಾನ. ನಮ್ಮ ಓಣಿಯಲ್ಲಿ ಯಾರು ಊರಿಗೆ ಹೊರಟರೂ ಹಗ್ಗ ಬಿಗಿಯಲು ನನ್ನನ್ನೇ ಕರೆಯುತ್ತಾರೆ. ನಾನು ಬಿಗಿದ ಪೆಟ್ಟಿಗೆ ವಿಮಾನದಿಂದ ಬಿದ್ದರೂ ಬಿಚ್ಚಿಕೊಳ್ಳುವುದಿಲ್ಲ ಎಂಬ ಹೆಸರಿದೆ.

ಫ್ರಾನ್ಸಿಗೂ ಒಂದು ಪೆಟ್ಟಿಗೆ ಸಿದ್ಧವಾಯಿತು. ಕುಚ್ಚಲಕ್ಕಿ, ಚಿಕ್ಕ ರೈಸ್ ಕುಕ್ಕರು, ಒಣ ಸಿಗಡಿ ಚಟ್ನಿ, ನನ್ನ ಅತ್ತೆ ಮಂಗಳೂರಿನಿಂದ ಕಳಿಸಿದ್ದ ಮಾವಿನ ಮಿಡಿ ಉಪ್ಪಿನಕಾಯಿ, ಹಪ್ಪಳ. ನಾವು ಸೈಕಲಿನಲ್ಲಿ ಹೋದರೂ ಸಾಮಾನನ್ನು ಊರಿಂದೂರಿಗೆ ವ್ಯಾನಿನಲ್ಲಿ ಸಾಗಿಸುವ ವ್ಯವಸ್ಥೆ ಅಲ್ಲಿತ್ತು. ಹಾಗಾಗಿ ಕೈ ಬಿಗಿಹಿಡಿಯಲಿಲ್ಲ. ಹಗ್ಗ ಬಿಗಿದೆ, ಆರೂ ಮೈಗೆ ಬರೆದೆ, ತೂಗಿದೆ, ಖಲಾಸ್.

ಪ್ಯಾರಿಸಿನಲ್ಲಿ ನಾವಿಳಿದೆವು, ಬ್ಯಾಗುಗಳೂ ಇಳಿದವು, ಪೆಟ್ಟಿಗೆ ಇಳಿಯಲಿಲ್ಲ. ದೂರು ಕೊಟ್ಟು, ಪೆಟ್ಟಿಗೆಯಿಲ್ಲದೆ ರೈಲು ಹತ್ತಿ ಬರ್ಗಂಡಿ ಎಂಬ ಪ್ರಾಂತ್ಯದ ಮೊದಲ ಊರಿಗೆ ಹೋದೆವು. ಬ್ರೆಡ್ಡು, ಚೀಸು, ಮತ್ತೆ ಬ್ರೆಡ್ಡು. ಅನ್ನ ಕಾಣದ ಹೊಟ್ಟೆ ಕಾಲುವೆಯ ದಂಡೆಯಲ್ಲೇ ಮುಷ್ಕರ ಹೂಡಿತು.

ನಾಲ್ಕಾರು ದಿನ ಕಳೆದ ಮೇಲೆ ಮಂಗಳೂರಿನಿಂದ ಅತ್ತೆಯ ಫೋನು ಬಂತು. ಅವರ ಸ್ವರ ಸಣ್ಣದಾಗಿತ್ತು.

"ಪೆಟ್ಟಿಗೆ ಮನೆಗೆ ಬಂದು ಮುಟ್ಟಿತು," ಎಂದರು.

ಆಗ ನೆನಪಾಯಿತು. ಇಷ್ಟು ವರ್ಷ ನಮ್ಮ ಪೆಟ್ಟಿಗೆ ಬಿಗಿದಾಗೆಲ್ಲ ಬರೆದದ್ದನ್ನೇ ಕೈ ಈ ಸಲವೂ ಬರೆದಿತ್ತು. ಆರೂ ಮೈಯಲ್ಲಿ ದಪ್ಪ ಅಕ್ಷರದಲ್ಲಿ ಅತ್ತೆ ಮನೆಯ ವಿಳಾಸ, ಮಂಗಳೂರು. ವಿಮಾನದವರ ಚೀಟಿ ಎಲ್ಲೋ ಹರಿದುಹೋಗಿರಬೇಕು. ಪಾಪ, ಅವರು ಕಂಡದ್ದನ್ನು ಓದಿ ತಲುಪಿಸಿದ್ದರು.

ಅಲ್ಲಿ ಗಲ್ಫಿನ ಪೆಟ್ಟಿಗೆ ಬಂತೆಂದು ಅಕ್ಕಪಕ್ಕದವರೆಲ್ಲ ಸೇರಿದ್ದರಂತೆ, ಚಾಕಲೇಟು, ಸೆಂಟು ಎಂದು ಕಾಯುತ್ತಾ. ಹಗ್ಗ ಬಿಚ್ಚಲು ಬಾರದೆ ಕತ್ತಿಯಿಂದ ಕಡಿದರಂತೆ.

"ಸಿಗಡಿ ಚಟ್ನಿ ಇರ್ಲಿ, ಅಕ್ಕಿ ಇರ್ಲಿ," ಎಂದರು ಅತ್ತೆ. "ನನ್ನ ಉಪ್ಪಿನಕಾಯಿ ರುಚಿ ಆಗಲಿಲ್ಲ ಅಂತ ಫೋನಿನಲ್ಲಿ ಹೇಳಿದ್ರೆ ಸಾಕಿತ್ತಲ್ಲ ಅಳಿಯಂದಿರೇ. ಅಷ್ಟು ದೂರದಿಂದ ವಾಪಸ್ ಕಳಿಸ್ಬೇಕಿತ್ತಾ?"

ಹಿಂದೆ ಬಂದ ಕಪ್ಪು ಕಾರು

ಅತ್ತೆಯ ಫೋನಿಗೂ ಮೊದಲಿನ ಮಾತು ಇದು. ನಮ್ಮ ಮುದೀರ್, ಅಂದರೆ ಕಂಪೆನಿಯ ಮ್ಯಾನೇಜರು, ಕುವೈತಿನವರು, ಬೇಸಿಗೆಯಲ್ಲಿ ತಪ್ಪದೆ ಪ್ಯಾರಿಸಿಗೆ ಹೋಗುವವರು. ರಜೆ ಕೇಳಿದಾಗ ನಾನೂ ಫ್ರಾನ್ಸಿಗೇ ಎಂದು ತಿಳಿದು ಅವರಿಗೆ ಬಹಳ ಖುಷಿಯಾಗಿತ್ತು.

"ಯಾವ ಹೋಟೆಲು?"

"ಹಳ್ಳಿಗಳಲ್ಲಿ ಇರುತ್ತೇವೆ."

"ಹಳ್ಳಿಯಲ್ಲಿ ಏನು ಕಾರು ತಗೊಳ್ಳುತ್ತೀ?"

"ಸೈಕಲ್."

ಅವರು ಚಹಾದ ಲೋಟ ಕೆಳಗಿಟ್ಟರು. ಬಾಗಿಲು ಹಾಕು ಎಂದರು. "ಹಬೀಬಿ, ನಿಜ ಹೇಳು. ಏನು ತೊಂದರೆ?" ಎಷ್ಟು ಹೇಳಿದರೂ, ಖುಷಿಗಾಗಿ ಸೈಕಲ್ ತುಳಿಯುವವರಿದ್ದಾರೆ ಎಂಬುದು ಅವರ ತಲೆಗೆ ಹೋಗಲಿಲ್ಲ. ಕಡೆಗೆ, "ನೀನು ಎಲ್ಲಿದ್ದೀ ಎಂದು ದಿನಾ ಲೊಕೇಶನ್ ಕಳಿಸುತ್ತಾ ಇರು" ಎಂದರು. ಒಳ್ಳೆಯ ಮನುಷ್ಯ ಎಂದುಕೊಂಡು ಕಳಿಸಿದೆ.

ಎರಡನೆಯ ದಿನ ಬೆಳಿಗ್ಗೆ ಕಾಲುವೆಯ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದೆವು. ಆಹಾ, ಆ ಬೆಳಗನ್ನು ಏನೆಂದು ಹೇಳಲಿ. ಒಂದು ಹಾರ್ನಿಲ್ಲ, ಒಂದು ಕ್ರೇನಿನ ಸದ್ದಿಲ್ಲ. ನೀರಿನ ಮೇಲೆ ದೋಣಿಯೊಂದು ನಮಗಿಂತ ನಿಧಾನವಾಗಿ ಹೋಗುತ್ತಿತ್ತು. ಗದ್ದೆಯ ಬಿಳಿ ದನಗಳು ತಲೆಯೆತ್ತಿ ನಮ್ಮನ್ನು ನೋಡಿ, ಪರವಾಗಿಲ್ಲ ಎಂದು ಮತ್ತೆ ಮೇಯುತ್ತಿದ್ದವು. ಸಂತೋಷಕ್ಕೆ ನನಗೆ ಹಾಡು ಬರುವುದಿದ್ದರೆ ಹಾಡುತ್ತಿದ್ದೆ.

ಅಷ್ಟರಲ್ಲಿ ಒಂದು ಉದ್ದನೆಯ ಕಪ್ಪು ಕಾರು ಬಂದು ನಮ್ಮ ಪಕ್ಕದಲ್ಲಿ ವೇಗ ತಗ್ಗಿಸಿತು. ಸೂಟು ಹಾಕಿದ ಡ್ರೈವರು, ಮೊರಾಕ್ಕೊದವನು, ಅರಬ್ಬಿಯಲ್ಲಿ ನನ್ನ ಹೆಸರು ಕೇಳಿದ. ಮುದೀರ್ ಪ್ಯಾರಿಸಿನಲ್ಲಿರುವ ತಮ್ಮ ಸಂಬಂಧಿಕರಿಗೆ ಹೇಳಿ ಕಾರು ಕಳಿಸಿದ್ದರು.

"ಮೇಡಂ, ಹತ್ತಿ," ಎಂದ.

"ಲಾ, ಶುಕ್ರನ್," ಬೇಡ, ಥ್ಯಾಂಕ್ಸ್ ಎಂದಳು ಹೆಂಡತಿ, ಮುಂದೆ ನೋಡುತ್ತಲೇ. ನಿಂತರೆ ಮತ್ತೆ ಹತ್ತುವುದು ಅವಳಿಗೆ ಕಷ್ಟ, ಹಾಗಾಗಿ ನಿಲ್ಲುವ ಪ್ರಶ್ನೆಯೇ ಇಲ್ಲ.

"ಮೇಡಂ ಹತ್ತುವವರೆಗೆ ಬಿಟ್ಟು ಬರಬೇಡ ಎಂದು ಆರ್ಡರಾಗಿದೆ," ಎಂದ ಅವನು. ಸಂಜೆ ನಾನು ಮುದೀರರಿಗೆ ಫೋನ್ ಮಾಡಿ ಅವನನ್ನು ವಾಪಸ್ ಕರೆಸುವವರೆಗೆ ಬಿಡಲೂ ಇಲ್ಲ. ಮುಂದೆ ಅವಳು ನೆಟ್ಟಗೆ ಕೂತು ತುಳಿಯುವುದು, ಹಿಂದೆ ದೀಪ ಮಿನುಗಿಸುತ್ತಾ ಕಾರು ತೆವಳುವುದು, ಅದರ ಹಿಂದೆ ಬೆವರೊರೆಸುತ್ತಾ ನಾನು. ಎದುರಿನಿಂದ ಬಂದ ಸೈಕಲಿನವರೆಲ್ಲ ಬದಿಗೆ ಸರಿದು ನಿಂತರು. ಒಬ್ಬ ಮುದುಕರು ಟೊಪ್ಪಿ ತೆಗೆದರು. ಹೆಂಡತಿಯೂ ಅಷ್ಟರಲ್ಲಿ ಒಂದು ಕೈ ಬಿಟ್ಟು ನಮಸ್ಕರಿಸುವುದನ್ನು ಕಲಿತುಬಿಟ್ಟಿದ್ದಳು.

ದಂಡೆಯಲ್ಲಿ ನಿಂತಿದ್ದ ಒಬ್ಬ ಇಂಗ್ಲೆಂಡಿನವನು ನನ್ನನ್ನು ತಡೆದು ಪಿಸುಗುಟ್ಟಿದ. "ಅವರು ಯಾವ ದೇಶದ ರಾಣಿ? ನೀವು ಬಾಡಿಗಾರ್ಡಾ?"

"ಹೌದು," ಎಂದೆ. "ಮದುವೆಯಾದಂದಿನಿಂದ ಇದೇ ಡ್ಯೂಟಿ. ರಿಲೀವರ್ ಇನ್ನೂ ಬಂದಿಲ್ಲ."

ಮಳೆಗೆ ಅಡ್ಡ ನಿಂತವನು

ಒಂದು ಮಧ್ಯಾಹ್ನ ಮಳೆ ಬಂತು. ಫ್ರಾನ್ಸಿನ ಸೈಕಲಿನವರೆಲ್ಲ ಸೇತುವೆಯ ಅಡಿಗೆ ಓಡಿದರು. ಸೇತುವೆಯ ಅಡಿಯಲ್ಲಿದ್ದ ನಾವಿಬ್ಬರು ಹೊರಗೆ ಓಡಿದೆವು. ಕುವೈತಿನಲ್ಲಿ ನಾಲ್ಕು ಹನಿ ಬಿದ್ದರೆ ಮನೆಮಂದಿಯೆಲ್ಲ ಕಾರು ಹತ್ತಿ ನೋಡಲು ಹೋಗುವವರು ನಾವು, ಒಳಗೆ ನಿಲ್ಲುವುದು ಹೇಗೆ?

ಆ ಹೊತ್ತಿಗೆ ಹವಲ್ಲಿಯಲ್ಲಿ ಬೆಂಕಿಯಂಥ ಬಿಸಿಲು. ಬಿಲ್ಡಿಂಗಿನವರಿಗೆ ಖುಷಿಯಾಗಲಿ ಎಂದು ಬಕಾಲದ ಹಾಜಿಯವರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಫೋನನ್ನು ಕ್ಯಾಶ್ ಮೇಜಿನ ಮೇಲೆ ನಿಲ್ಲಿಸಿದರು. ಸಾಮಾನಿಗೆ ಬಂದವರೆಲ್ಲ ಸುತ್ತ ನೆರೆದರು. ನಾನು ಒದ್ದೆಯಾಗುತ್ತಾ ಪ್ರವಾಸದ ವರ್ಣನೆ ಶುರುಮಾಡಿದೆ. ಕಾಲುವೆಯ ಇತಿಹಾಸಕ್ಕೆ ಬರುವಷ್ಟರಲ್ಲಿ ಹಾಜಿಯವರು ತಡೆದರು.

"ಮಾರಾಯ್ರೇ, ಬೇಜಾರು ಮಾಡ್ಬೇಡಿ. ಸ್ವಲ್ಪ ಆಚೆ ನಿಲ್ತೀರಾ? ಮಳೆ ಕಾಣುವುದಿಲ್ಲ."

ಬಾಗಿಲು ಹಾಕಿದ ಊರು

ಇನ್ನೊಂದು ದಿನ ನಡುಮಧ್ಯಾಹ್ನ ಒಂದು ಹಳ್ಳಿಗೆ ಮುಟ್ಟಿದೆವು. ಕಲ್ಲಿನ ಮನೆಗಳು, ಕಿಟಕಿಗೆ ಹೂವಿನ ಕುಂಡಗಳು, ನಡುವೆ ಒಂದು ಇಗರ್ಜಿ. ಆದರೆ ಒಬ್ಬ ಮನುಷ್ಯನಿಲ್ಲ. ಅಂಗಡಿಗೆ ಬೀಗ, ಕಿಟಕಿಗಳಿಗೆ ಮರದ ಬಾಗಿಲು. ಒಂದು ಬೆಕ್ಕು ರಸ್ತೆ ದಾಟಿತು, ಅದೂ ಸದ್ದಿಲ್ಲದೆ.

"ಇದು ನಮ್ಮಲ್ಲಿ ರಂಜಾನಿನ ಮಧ್ಯಾಹ್ನದ ಹಾಗೇ ಉಂಟಲ್ಲ," ಎಂದಳು ಹೆಂಡತಿ.

ನನಗೂ ಅದೇ ಹೊಳೆದಿತ್ತು. ಕುವೈತಿನಲ್ಲಿ ಉಪವಾಸದ ತಿಂಗಳು ಹಗಲು ಅಂಗಡಿ ಮುಚ್ಚಿರುತ್ತದೆ, ಬೀದಿ ಖಾಲಿ. ಬೇರೆಯವರೂ ಹೊರಗೆ ಒಂದು ಗುಟುಕು ನೀರು ಕುಡಿಯಬಾರದು. ನಾವು ಇಷ್ಟು ವರ್ಷ ಆಫೀಸಿನ ಪ್ಯಾಂಟ್ರಿಯ ಬಾಗಿಲು ಹಾಕಿಕೊಂಡು ಸದ್ದಿಲ್ಲದೆ ಬಿಸ್ಕೆಟ್ ತಿಂದವರು.

"ಇವರಿಗೂ ಇಂಥದ್ದೊಂದು ವ್ರತ ಇರಬಹುದು," ಎಂದೆ. "ನಾವು ಎದುರಿಗೆ ಕೂತು ತಿಂದರೆ ಚಂದವಲ್ಲ."

ಹೊಟ್ಟೆ ಮಾತ್ರ ತಾಳಹಾಕುತ್ತಿತ್ತು. ಬುಟ್ಟಿಯಲ್ಲಿ ಬಾಳೆಹಣ್ಣು, ಬ್ರೆಡ್ಡು ಇದ್ದವು. ಇಗರ್ಜಿಯ ಹಿಂದಿನ ಗೋಡೆಯ ಮರೆಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತೆವು. ಅವಳು ತಿನ್ನುವಾಗ ನಾನು ಕಾವಲು, ನಾನು ತಿನ್ನುವಾಗ ಅವಳು. ನನ್ನ ಸರದಿಯಲ್ಲಿ ಅವಳು ಬಿಳಿ ಗುಲಾಬಿ ನೋಡುತ್ತಾ ಮೈಮರೆತಳು. ತಲೆಯೆತ್ತಿದರೆ ಎದುರಿಗೆ ದಪ್ಪ ಮೀಸೆಯ ಅಜ್ಜ ನಿಂತಿದ್ದಾರೆ.

ನಾನು ಬಾಳೆಹಣ್ಣನ್ನು ಬೆನ್ನ ಹಿಂದೆ ಅಡಗಿಸಿ ಎದ್ದು ನಿಂತೆ. "ಸಾರಿ, ಸಾರಿ, ನೋ ಈಟಿಂಗ್," ಎಂದೆ. ಬಾಯ್ತುಂಬ ಬಾಳೆಹಣ್ಣಿದ್ದುದರಿಂದ ಮಾತಿಗೆ ಬಲ ಬರಲಿಲ್ಲ.

ಅಜ್ಜ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ನನ್ನ ರಟ್ಟೆ ಹಿಡಿದರು. ಎಳೆದುಕೊಂಡೇ ಹೊರಟರು. "ಪೊಲೀಸ್ ಸ್ಟೇಷನ್ನಿಗೆ," ಎಂದಳು ಹೆಂಡತಿ ಹಿಂದಿನಿಂದ. "ಜೀಪು ಹತ್ತು ಅಂದ್ರೂ ನಾನು ಹತ್ತುವುದಿಲ್ಲ, ಈಗಲೇ ಹೇಳಿದ್ದೇನೆ."

ಅವರು ಒಂದು ಮನೆಯ ಹಿಂಬಾಗಿಲು ದೂಡಿದರು. ಒಳಗೆ ಉದ್ದನೆಯ ಮೇಜುಗಳು. ಊರಿಗೆ ಊರೇ ಅಲ್ಲಿ ಕೂತು ಉಣ್ಣುತ್ತಿತ್ತು. ಸಾರು, ಕೋಳಿ, ಆಲೂಗಡ್ಡೆ, ಒಂದರ ಹಿಂದೆ ಒಂದು ತಟ್ಟೆ ಬರುತ್ತಿತ್ತು. ಊಟದ ಹೊತ್ತಿಗೆ ಊರು ಬಾಗಿಲು ಹಾಕಿಕೊಳ್ಳುವುದು ಅಲ್ಲಿಯ ಪದ್ಧತಿಯಂತೆ, ಏಳಲು ಗಂಟೆಗಟ್ಟಲೆ ಬೇಕಂತೆ. ನಮಗೂ ಜಾಗ ಮಾಡಿಕೊಟ್ಟರು. ಪರದೇಶದವರು ಗೋಡೆಯ ಹಿಂದೆ ಕದ್ದು ತಿನ್ನುತ್ತಿದ್ದರು ಎಂದು ಅಜ್ಜ ಎಲ್ಲರಿಗೂ ಅಭಿನಯಿಸಿ ತೋರಿಸಿದರು.

ಮೂರನೇ ಸಲ ಬಡಿಸಿದ ತಟ್ಟೆಯನ್ನು ನೋಡಿ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು, "ಇವರ ಉಪವಾಸವೇ ಹೀಗಾದ್ರೆ ಹಬ್ಬ ಹೇಗಿರ್ಬಹುದು?"

ಬೆಲ್ಲು

ಕೊನೆಯ ದಿನ ಬಂತು. ಸಂಜೆಯೊಳಗೆ ಕಡೇ ಊರಿಗೆ ಮುಟ್ಟಿ, ಸೈಕಲ್ ಅಂಗಡಿಗೆ ಸೈಕಲ್ ಒಪ್ಪಿಸಿ ರೈಲು ಹಿಡಿಯಬೇಕು. ಅಲ್ಲಿಯವರೆಗೆ ಹೆಂಡತಿ ಒಂದು ಕಾರಿನ ಬಾಗಿಲನ್ನೂ ಮುಟ್ಟಿರಲಿಲ್ಲ. ಇನ್ನು ಒಂದು ಮಧ್ಯಾಹ್ನ ಕಳೆದರೆ ಗೆದ್ದಂತೆ. ಅವಳಿಗಿಂತ ಹೆಚ್ಚು ಆತಂಕ ನನಗೇ. ಮುಂದೆ ಮುಂದೆ ಹೋಗುತ್ತಾ "ಗುಂಡಿ ಉಂಟು", "ಬ್ರೇಕ್ ಹಿಡಿ", "ಎಡಕ್ಕೆ" ಎಂದು ಕೂಗುತ್ತಲೇ ಇದ್ದೆ. ನಾನಿಲ್ಲದೆ ಅವಳು ಒಂದು ಫರ್ಲಾಂಗೂ ತುಳಿದವಳಲ್ಲ.

ದಾರಿಯ ಹಳ್ಳಿಯೊಂದರಲ್ಲಿ ಮಾಸಿದ ಬಣ್ಣದಲ್ಲಿ ಬೇಕರಿ ಎಂದು ಬರೆದ ಮನೆ ಕಂಡಿತು. ಇಬ್ಬರೂ ಮುಂದೆ ಹೋಗಿ ನಿಂತೆವು. ಸೀಟಿನಿಂದ ಇಳಿಯಲಿಲ್ಲ. ಬೆಲ್ಲು ಹೊಡೆದೆವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುವೈತಿನಲ್ಲಿ ಚಹಾ ಬೇಕೆಂದರೆ ಯಾರೂ ಕಾರಿನಿಂದ ಇಳಿಯುವುದಿಲ್ಲ. ಅಂಗಡಿಯೆದುರು ನಿಲ್ಲಿಸಿ ಹಾರ್ನ್ ಹೊಡೆದರೆ ಚಹಾ ತಾನಾಗಿ ಕಿಟಕಿಗೆ ಬರುತ್ತದೆ. ಸೈಕಲಿಗೆ ಹಾರ್ನಿಲ್ಲ, ಬೆಲ್ಲಿದೆ. ಹಾಗಾಗಿ ಬೆಲ್ಲು. ಇದು ವಿಚಿತ್ರ ಎಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ಬಾಗಿಲು ತೆರೆಯಿತು. ಏಪ್ರನ್ ಕಟ್ಟಿದ ಅಜ್ಜಿಯೊಬ್ಬರು ಹೊರಗೆ ಬಂದು ನನ್ನನ್ನು, ನನ್ನ ಸೈಕಲನ್ನು, ಬೆಲ್ಲನ್ನು ನೋಡಿದರು. ಮುಖ ಅರಳಿತು. ಕೈಯೆತ್ತಿ, ನಿಲ್ಲು ಎಂದು ಸನ್ನೆ ಮಾಡಿ ಒಳಗೆ ಓಡಿದರು.

"ನೋಡಿ, ಸರ್ವಿಸ್ ಅಂದ್ರೆ ಇದು," ಎಂದಳು ಹೆಂಡತಿ.

ಅಜ್ಜಿ ಹೊರಗೆ ಬಂದರು. ಎರಡೂ ಕೈಯಲ್ಲಿ ಚೂರಿಗಳು. ಉದ್ದದ್ದು, ಗಿಡ್ಡದ್ದು, ಬ್ರೆಡ್ಡು ಕೊಯ್ಯುವುದು, ಮಾಂಸ ಕಡಿಯುವುದು.

ಹೆಂಡತಿ ತುಟಿ ಅಲ್ಲಾಡಿಸದೆ ಹೇಳಿದಳು, "ಇನ್ನೊಮ್ಮೆ ಬೆಲ್ಲು ಹೊಡೀಬೇಡಿ."

ಅಜ್ಜಿ ಚೂರಿಗಳ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟರು. ಹಿಂದೆಯೇ ಅವರ ಮಗ ಬಂದ, ದ್ರಾಕ್ಷಿ ಬೆಳೆಯುವ ನಡುವಯಸ್ಸಿನವನು. ಅವನಿಗೆ ಇಂಗ್ಲಿಷ್ ಬರುತ್ತಿತ್ತು. ಬೇಕರಿ ಮುಚ್ಚಿ ಕಾಲವಾಯಿತು, ಈಗ ಇದು ಮನೆ ಎಂದ. ಮೊದಲೆಲ್ಲ ಚೂರಿ ಸಾಣೆ ಹಿಡಿಯುವವನು ಸೈಕಲಿನಲ್ಲಿ ಬಂದು ಬೀದಿಯಲ್ಲಿ ಬೆಲ್ಲು ಹೊಡೆಯುತ್ತಿದ್ದನಂತೆ. ವರ್ಷಗಳಿಂದ ಬಂದಿಲ್ಲ. ಮನೆಯೆದುರು ನಿಂತು ಬೆಲ್ಲು ಹೊಡೆಯುವವನು ಅವನಲ್ಲದೆ ಬೇರಾರು?

"ಅಮ್ಮನಿಗೆ ನಾನು ಹೇಳುತ್ತೇನೆ," ಎಂದ ಅವನು. "ಆದರೆ ನೋಡಿ, ಎಷ್ಟು ಖುಷಿಯಲ್ಲಿದ್ದಾಳೆ."

ನಾನು ನೋಡಿದೆ. ಅಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. "ಒಂದು ಪಿಂಗಾಣಿ ಕಪ್ಪು ತನ್ನಿ," ಎಂದೆ.

ಮದುವೆಗೆ ಮೊದಲು ಕುವೈತಿನ ಬ್ಯಾಚುಲರ್ ರೂಮಿನಲ್ಲಿದ್ದಾಗ ಶುಕ್ರವಾರದ ಮೀನು ಕೊಯ್ಯುವ ಕೆಲಸ ನನ್ನದು. ಅಷ್ಟು ಜನಕ್ಕೆ ಒಂದೇ ಚೂರಿ. ಅದನ್ನು ಕಪ್ಪು ಕವುಚಿ ಅದರ ತಳದ ಒರಟು ಅಂಚಿಗೆ ಉಜ್ಜಿ ಉಜ್ಜಿ ಹರಿತ ಮಾಡುತ್ತಿದ್ದೆ. ಆ ವಿದ್ಯೆ ಬರ್ಗಂಡಿಯ ಮೆಟ್ಟಿಲ ಮೇಲೆ ಹೊರಗೆ ಬಂತು. ಅಜ್ಜಿ ಮೊದಲ ಚೂರಿಯನ್ನು ಟೊಮೆಟೊದ ಮೇಲೆ ಪರೀಕ್ಷಿಸಿದರು, ಮೂಗು ಮುರಿದರು, ವಾಪಸ್ ಕೊಟ್ಟರು. ಎರಡನೇ ಸಲ ಟೊಮೆಟೊ ಕಾಗದದಷ್ಟು ತೆಳ್ಳಗೆ ಸೀಳಿತು. ಅಜ್ಜಿ ಬೀದಿಯತ್ತ ತಿರುಗಿ ಏನೋ ಕೂಗಿದರು.

ಬಾಗಿಲುಗಳೆಲ್ಲ ತೆರೆದವು. ಪ್ರತಿ ಮನೆಯಿಂದಲೂ ಹೆಂಗಸರು ಚೂರಿ ಹಿಡಿದು ಹೊರಟರು. ದೂರದಿಂದ ನೋಡಿದವರು ದಂಗೆ ಎಂದುಕೊಳ್ಳಬೇಕು. ಹೆಂಡತಿ ತಕ್ಷಣ ವ್ಯವಸ್ಥೆಗೆ ನಿಂತಳು. "ಲೈನ್, ಲೈನ್, ಯಲ್ಲಾ, ಬೇಗ," ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. "ಟೋಕನ್ ಇದ್ದಿದ್ರೆ ಒಳ್ಳೇದಿತ್ತು," ಎಂದು ನನಗೆ ಹೇಳಿದಳು. ಕೂಲಿಯಾಗಿ ಚೀಸು, ಚೆರಿ ಹಣ್ಣು, ಜಾಮು ಬಂದು ಅವಳ ಸೈಕಲಿನ ಬುಟ್ಟಿ ತುಂಬಿತು. ಹರಿತವಾದ ಚೂರಿಗಳನ್ನು ನನ್ನ ಬುಟ್ಟಿಯಲ್ಲಿ ಜೋಡಿಸಿಟ್ಟಿದ್ದೆವು.

ಎಲ್ಲ ಮುಗಿಯಿತೆಂದು ಎದ್ದು, ಚೂರಿಗಳನ್ನು ಹಂಚಲು ಸೈಕಲ್ ಸರಿಸಿದೆ. ಒಂದು ಮಾಂಸದ ಚೂರಿ ಬುಟ್ಟಿಯ ಸಂದಿಯಿಂದ ಜಾರಿ ಮುಂದಿನ ಚಕ್ರಕ್ಕೆ ಸಿಕ್ಕಿತು. ಬುಸ್ಸೆಂದು ಸದ್ದಾಯಿತು. ಟಯರು ಈ ಅಂಚಿನಿಂದ ಆ ಅಂಚಿಗೆ ಬೆಣ್ಣೆಯ ಹಾಗೆ ಸೀಳಿತ್ತು. ನನ್ನ ಕೈಚಳಕಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೊಡಲಾರರು.

ಅಜ್ಜಿಯ ಮಗ ವ್ಯಾನು ತಂದ. "ಇಬ್ಬರೂ ಬನ್ನಿ, ಎರಡು ಸೈಕಲೂ ಹಿಡಿಯುತ್ತದೆ. ರೈಲಿಗೆ ಹೊತ್ತಾಯಿತು." ಮೇಲೆ ಮೋಡ ಕವಿದಿತ್ತು, ಹನಿ ಶುರುವಾಗಿತ್ತು.

ನಾನು ಹೆಂಡತಿಯನ್ನು ಬದಿಗೆ ಕರೆದೆ. "ಬಾ ಮಾರಾಯ್ತಿ. ನಾಲ್ಕು ಹೆಜ್ಜೆ ದಾರಿ. ನಿನ್ನ ತಮ್ಮನಿಗೆ ಯಾರು ಹೇಳ್ತಾರೆ?"

"ನೀವು ಹೇಳ್ತೀರಿ," ಎಂದಳು. "ನಿಮ್ಮ ಬಾಯಲ್ಲಿ ಎಂತ ನಿಲ್ತದೆ? ನೀವು ವ್ಯಾನಿನಲ್ಲಿ ಹೋಗಿ. ನಾನು ಬರ್ತೇನೆ."

"ಒಬ್ಬಳೇ? ದಾರಿ?"

"ದಾರಿ ಕಾಲುವೆ ಬದಿಯಲ್ಲೇ ಅಲ್ವಾ. ಕಾಲುವೆ ಎಲ್ಲಿಗೂ ಓಡಿ ಹೋಗುವುದಿಲ್ಲ."

ಹತ್ತಿದಳು. ಒಮ್ಮೆ ಬಲಕ್ಕೆ ವಾಲಿದಳು, ಎಡಕ್ಕೆ ವಾಲಿದಳು, ಹೋದಳು. ಚೂರಿ ಹಿಡಿದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ನಾನು ಸೀಳಿದ ಚಕ್ರದ ಸೈಕಲಿನ ಜೊತೆ ವ್ಯಾನಿನಲ್ಲಿ ಕೂತೆ.

ಕಡೇ ಊರಿನ ಸೈಕಲ್ ಅಂಗಡಿಯೆದುರು ಒಂದು ಕಾರಂಜಿ ಇತ್ತು. ಅದರ ಪಕ್ಕ ನಿಂತು ಕಾದೆ. ಮಳೆ ಜೋರಾಯಿತು. ಕಾಲುವೆಯ ಬದಿಗೆ ಬೇಲಿಯಿಲ್ಲ, ಅವಳಿಗೆ ಈಜು ಬರುವುದಿಲ್ಲ. ನಾನು ಜೊತೆಯಲ್ಲಿರಬೇಕಿತ್ತು ಎಂದುಕೊಳ್ಳುತ್ತಾ ಬೀದಿಯ ತುದಿಯವರೆಗೆ ಹೋಗಿ ನೋಡಿ ಬಂದೆ. ಅಂಗಡಿಯವನು ಗಡಿಯಾರ ತೋರಿಸಿದ. ನಾನು ನೋಡಲಿಲ್ಲ.

ಆಗ ಬೀದಿಯ ತುದಿಯಿಂದ ಬೆಲ್ಲಿನ ಸದ್ದು ಕೇಳಿಸಿತು. ಒದ್ದೆ ಮುದ್ದೆಯಾಗಿ, ಕೆಸರು ಹಚ್ಚಿಕೊಂಡು, ಬುಟ್ಟಿಯಲ್ಲಿ ಚೀಸು ಹೊತ್ತುಕೊಂಡು ಅವಳು ಬರುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು, ಮಳೆಯಿದ್ದುದರಿಂದ ಗೊತ್ತಾಗಲಿಲ್ಲ. ಓಡಿಹೋಗಿ ಹಳೇ ಅಭ್ಯಾಸದಂತೆ ಸೀಟಿಗೆ ಕೈ ಹಾಕಿದೆ.

"ಬಿಡಿ, ಬಿಡಿ," ಎಂದು ಕೂಗಿದಳು. ನಿಲ್ಲಲೂ ಇಲ್ಲ. ಕಾರಂಜಿಗೆ ಇನ್ನೊಂದು ಸುತ್ತು ಹಾಕಿ ಬಂದಳು.

ಕುವೈತಿಗೆ ಬಂದ ಮೇಲೆ ತಮ್ಮ ಕೇಳಿದ, "ಒಮ್ಮೆಯೂ ಕಾರು ಹತ್ತಲಿಲ್ಲವಾ?"

"ಹತ್ತಿದ್ರು," ಎಂದಳು. ನನ್ನತ್ತ ಬೆರಳು ತೋರಿಸಿದಳು. "ಗುರುಗಳು."

ತಮ್ಮ ಮಾತಿಗೆ ತಪ್ಪಲಿಲ್ಲ. ಕೆಂಪು ಸೈಕಲು, ಬೆಲ್ಲು, ಬುಟ್ಟಿ ಎಲ್ಲ ಇತ್ತು. ಕೊಡುವಾಗ, ಒರೆಸಿಯೇ ತಂದಿದ್ದೇನೆ ಅಕ್ಕಾ ಎಂದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

ಬಿಸಿಲು ತಗ್ಗಿದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ ಅವಳು ಅದರಲ್ಲೇ ಬ್ನೇದ್ ಅಲ್ ಗಾರ್‌ಗೆ ಹೊರಟಳು. ಹಿಂದೆ ದೀಪ ಮಿನುಗಿಸುತ್ತಾ ಕಾರಿನಲ್ಲಿ ನಾನು. ತಮ್ಮನ ಬಿಲ್ಡಿಂಗಿನ ಕೆಳಗೆ ನಿಂತಳು. ಸೀಟಿನಿಂದ ಇಳಿಯಲಿಲ್ಲ. ತಲೆಯೆತ್ತಿ ಬೆಲ್ಲು ಹೊಡೆದಳು. ಈಗ ಚಹಾ ಬರುತ್ತದೆ ಎಂದು ನಾನು ಕಾರಿನ ಗಾಜು ಇಳಿಸಿದೆ.

ತಮ್ಮನ ಹೆಂಡತಿ ಕೆಳಗೆ ಬಂದಳು. ಒಂದು ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಚೂರಿಗಳು, ಇನ್ನೊಂದು ಕೈಯಲ್ಲಿ ಪಿಂಗಾಣಿ ಕಪ್ಪು, ಖಾಲಿ.

"ಅತ್ತಿಗೇ, ಅಣ್ಣನನ್ನೂ ಕರ್ಕೊಂಡು ಬಂದದ್ದು ಒಳ್ಳೇದಾಯ್ತು," ಎಂದಳು. "ಪಕ್ಕದ ಮನೆಯವರೂ ಲಿಫ್ಟಿನಲ್ಲಿ ಬರ್ತಾ ಇದ್ದಾರೆ. ಲೈನ್ ಮಾತ್ರ ನೀವೇ ನಿಲ್ಲಿಸ್ಬೇಕು."